ಮಿನೆಸೋಟದ ಚಳಿಯಲ್ಲಿ ಸೇವಂತಿಗೆ ಉಳಿಸಿಕೊಳ್ಳುವುದು

ಆಗಸ್ಟ್ ಕೊನೆ ಬಂತು ಅಂದರೆ ಅಮೆರಿಕದ ಮಿನೆಸೋಟ ರಾಜ್ಯದ ದಿನಸಿ ಅಂಗಡಿಗಳ ಬಾಗಿಲಲ್ಲಿ ಸೇವಂತಿಗೆ ಕುಂಡಗಳು ಸಾಲಾಗಿ ಬಂದು ಕೂರುತ್ತವೆ. ಪುರಿ ಉಂಡೆಯ ಹಾಗೆ ಗುಂಡಗೆ, ಎಲೆಯೇ ಕಾಣದಷ್ಟು ಮೊಗ್ಗು. ಹಳದಿ, ಕೆಂಪು, ನೇರಳೆ, ತಾಮ್ರದ ಬಣ್ಣ. ಇಲ್ಲಿನವರು ಇದಕ್ಕೆ 'ಮಮ್' ಅನ್ನುತ್ತಾರೆ. ಮನೆ ಮೆಟ್ಟಿಲ ಮೇಲೆ ಒಂದು ಮಮ್ ಕುಂಡ, ಪಕ್ಕಕ್ಕೆ ಒಂದು ಕುಂಬಳಕಾಯಿ. ಅಲ್ಲಿಗೆ ಫಾಲ್, ಅಂದರೆ ಚಳಿಗೆ ಮೊದಲಿನ ಶರತ್ಕಾಲ, ಬಂತು ಅಂತ ಲೆಕ್ಕ.

ಸೇವಂತಿಗೆ ಕಂಡರೆ ನಾವು ಸುಮ್ನೆ ಹೋಗೋದುಂಟಾ? ನಾನೂ ತಂದೆ. ಕುಂಡಕ್ಕೆ ಚುಚ್ಚಿದ್ದ ಚೀಟಿಯಲ್ಲಿ 'ಹಾರ್ಡಿ ಮಮ್' ಎಂದಿತ್ತು. ಹಾರ್ಡಿ ಅಂದರೆ ಚಳಿ ತಡೆಯುವಂಥದ್ದು. ಹೂ ಮುಗಿದ ಮೇಲೆ ಅಂಗಳದಲ್ಲಿ ನೆಟ್ಟೆ. ಏಪ್ರಿಲ್‌ನಲ್ಲಿ ಹಿಮ ಕರಗಿದಾಗ ನೋಡಿದರೆ ಬರೀ ಒಣಗಿದ ಕಡ್ಡಿ. ಹಿಡಿದು ಎಳೆದೆ, ಬೇರಿನ ಸಮೇತ ಕೈಗೆ ಬಂತು. ಬೇರಿನ ಮುದ್ದೆ ಇನ್ನೂ ಕುಂಡದ ಆಕಾರದಲ್ಲೇ ಇತ್ತು, ಅಚ್ಚಿನಿಂದ ತೆಗೆದ ಇಡ್ಲಿಯ ಹಾಗೆ. ಮೂರು ವರ್ಷ ಇದೇ ಕಥೆ.

ಎದುರು ಮನೆಯ ಅಜ್ಜಿಯ ಅಂಗಳದಲ್ಲಿ ಮಾತ್ರ ತಿಳಿಗುಲಾಬಿ ಬಣ್ಣದ ಒಂದು ಸೇವಂತಿಗೆ ಪೊದೆ ಪ್ರತಿ ಸೆಪ್ಟೆಂಬರ್‌ನಲ್ಲೂ ತಪ್ಪದೆ ಹೂ ಬಿಡುತ್ತಿತ್ತು. ಹದಿನೈದು ವರ್ಷದ ಗಿಡವಂತೆ. ನಾಲ್ಕನೇ ವಸಂತದಲ್ಲಿ ಅವರೇ ಕರೆದು, ಗುದ್ದಲಿಯಲ್ಲಿ ಒಂದು ಹೆಂಟೆ ಎತ್ತಿ, ಪೇಪರ್‌ನಲ್ಲಿ ಸುತ್ತಿ ಕೊಟ್ಟರು. ಆ ಗಿಡ ಇವತ್ತಿಗೂ ನಮ್ಮಲ್ಲಿದೆ. ಅದೇ ಮಣ್ಣು, ಅದೇ ಚಳಿ. ಅಂಗಡಿಯದು ಸತ್ತಿದ್ದು ಯಾಕೆ, ಅಜ್ಜಿಯದು ಉಳಿದಿದ್ದು ಯಾಕೆ? ಸೇವಂತಿಗೆಯನ್ನು ಎಲ್ಲರೂ ಕೊಳ್ಳುವುದು ಹೂ ಕಂಡಾಗ. ಚಳಿ ಊರಿನಲ್ಲಿ ಅದು ನಾಲ್ಕು ತಿಂಗಳು ತಡ. ಯಾಕೆ ತಡ ಅಂತ ತಿಳಿಯಬೇಕಾದರೆ ಈ ಗಿಡಕ್ಕೆ ಹೂ ಬಿಡುವ ಹೊತ್ತು ಹೇಗೆ ಗೊತ್ತಾಗುತ್ತದೆ ಅನ್ನುವಲ್ಲಿಂದ ಶುರು ಮಾಡಬೇಕು.

ಸೇವಂತಿಗೆ ರಾತ್ರಿಯನ್ನು ಅಳೆಯುತ್ತದೆ. ಬೇಸಿಗೆಯಲ್ಲಿ ಹಗಲು ಉದ್ದ, ರಾತ್ರಿ ಗಿಡ್ಡ. ಆಗ ಅದು ಎಲೆ, ಕೊಂಬೆ ಬೆಳೆಸಿಕೊಂಡು ಇರುತ್ತದೆ. ಜೂನ್ 21ರ ನಂತರ ರಾತ್ರಿ ದಿನಕ್ಕೆ ಒಂದೆರಡು ನಿಮಿಷದಂತೆ ಬೆಳೆಯುತ್ತಾ ಹೋಗುತ್ತದೆ. ಒಂದು ಮಿತಿ ದಾಟಿದ ಮೇಲೆ ಕೊಂಬೆಯ ತುದಿ ಎಲೆ ಮಾಡುವುದನ್ನು ಬಿಟ್ಟು ಮೊಗ್ಗು ಮಾಡಲು ತೊಡಗುತ್ತದೆ. ಆ ಮಿತಿ ತಳಿಯಿಂದ ತಳಿಗೆ ಬೇರೆ.

ಇದನ್ನು ಗುರುತಿಸುವುದು ಯಾವ ಭಾಗ? 1930ರ ದಶಕದಲ್ಲಿ ಸೋವಿಯತ್ ದೇಶದ ಮಿಖಾಯಿಲ್ ಚಾಯ್ಲಖ್ಯಾನ್ ಎಂಬ ವಿಜ್ಞಾನಿ ಸೇವಂತಿಗೆ ಗಿಡವನ್ನೇ ಇಟ್ಟುಕೊಂಡು ಇದನ್ನು ಪರೀಕ್ಷೆ ಮಾಡಿದರು. ಗಿಡದ ಮೇಲಿನ ಎಲೆಗಳನ್ನೆಲ್ಲ ಕಿತ್ತು ತುದಿಯನ್ನು ಬೋಳು ಮಾಡಿದರು. ಕೆಳಗಿನ ಎಲೆಗಳಿಗೆ ಉದ್ದ ರಾತ್ರಿ, ಬೋಳು ತುದಿಗೆ ಗಿಡ್ಡ ರಾತ್ರಿ ಕೊಟ್ಟರು. ತುದಿಯಲ್ಲಿ ಹೂ ಬಂತು. ತಿರುಗಾ ಮುರುಗಾ ಮಾಡಿದಾಗ ಬರಲಿಲ್ಲ. ಅಂದರೆ ರಾತ್ರಿ ಅಳೆಯುವುದು ಎಲೆ, ಹೂ ಬಿಡುವುದು ತುದಿ. ನಡುವೆ ಏನೋ ಒಂದು ಸುದ್ದಿ ಎಲೆಯಿಂದ ತುದಿಗೆ ಹೋಗುತ್ತಿದೆ. ಅದಕ್ಕೆ ಅವರು 'ಫ್ಲೋರಿಜನ್' ಎಂದು ಹೆಸರಿಟ್ಟರು. ಅದು ನಿಜಕ್ಕೂ ಯಾವ ವಸ್ತು ಅಂತ ಪತ್ತೆಯಾಗಲು ಮುಂದೆ ಸುಮಾರು ಎಪ್ಪತ್ತು ವರ್ಷ ಬೇಕಾಯಿತು. 2013ರಲ್ಲಿ ಜಪಾನಿನ ವಿಜ್ಞಾನಿಗಳು ಇನ್ನೊಂದನ್ನೂ ಹುಡುಕಿದರು. ರಾತ್ರಿ ಗಿಡ್ಡ ಇರುವಾಗ ಇದೇ ಎಲೆಗಳು 'ಇನ್ನೂ ಬೇಡ, ತಡಿ' ಅನ್ನುವ ವಸ್ತುವೊಂದನ್ನೂ ಕಳಿಸುತ್ತವಂತೆ. ಗಾಡಿಗೆ ಆಕ್ಸಿಲರೇಟರೂ ಬ್ರೇಕೂ ಎರಡೂ ಇದ್ದ ಹಾಗೆ.

ಈ ಬ್ರೇಕನ್ನು ನಮ್ಮ ಕಡೆಯ ರೈತರು ದಿನಾ ಬಳಸುತ್ತಾರೆ. ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರದ ಕಡೆ ರಾತ್ರಿ ಹೋಗುವಾಗ ಸೇವಂತಿಗೆ ಹೊಲದ ತುಂಬ ಬಲ್ಬ್ ಉರಿಯುವುದನ್ನು ನೋಡಿರಬಹುದು. ಮದುವೆ ಮನೆಯ ಸೀರಿಯಲ್ ಸೆಟ್ ಥರ. ಬೆಂಗಳೂರಿನಲ್ಲಿ ವರ್ಷದ ಅತಿ ಉದ್ದದ ಹಗಲೂ 13 ಗಂಟೆ ಮುಟ್ಟುವುದಿಲ್ಲ. ರಾತ್ರಿ ಯಾವಾಗಲೂ 11 ಗಂಟೆಗಿಂತ ಜಾಸ್ತಿಯೇ. ಹಾಗಾಗಿ ಎಷ್ಟೋ ತಳಿಗಳು ಗೇಣುದ್ದ ಇರುವಾಗಲೇ ಮೊಗ್ಗು ಹಾಕಿಬಿಡುತ್ತವೆ. ನಡುರಾತ್ರಿ ಕೆಲವು ಗಂಟೆ ಬಲ್ಬ್ ಹಾಕಿದರೆ ಉದ್ದ ರಾತ್ರಿ ಎರಡು ತುಂಡಾಗುತ್ತದೆ. ಗಿಡಕ್ಕೆ ಅದು ಬೇಸಿಗೆಯ ಹಾಗೆ ಕಾಣುತ್ತದೆ. ಬೇಕಾದಷ್ಟು ಎತ್ತರ ಬಂದ ಮೇಲೆ ಬಲ್ಬ್ ಆರಿಸಿದರೆ ಆಯಿತು, ಮೊಗ್ಗು ಬರುತ್ತದೆ.

ಇಲ್ಲಿ ಮಿನೆಸೋಟದ ಮಿನಿಯಾಪೊಲಿಸ್‌ ನಗರದಲ್ಲಿ ಜೂನ್ ಹಗಲು ಹದಿನೈದೂವರೆ ಗಂಟೆ ದಾಟುತ್ತದೆ. ಆಗಸ್ಟ್ ನಡುವಿಗೆ 14 ಗಂಟೆ. ಸೆಪ್ಟೆಂಬರ್ ಕೊನೆಗೆ 12. ಇಲ್ಲಿ ಬಲ್ಬಿನ ಅಗತ್ಯವೇ ಇಲ್ಲ, ಬಲ್ಬ್ ಇದ್ದರೆ ತೊಂದರೆ. ನಾನು ಒಂದು ಗಿಡವನ್ನು ಬಾಗಿಲ ದೀಪದ ಕೆಳಗೇ ನೆಟ್ಟಿದ್ದೆ, ರಾತ್ರಿಯೂ ಚೆಂದ ಕಾಣಲಿ ಅಂತ. ಆ ದೀಪ ನಮ್ಮಲ್ಲಿ ಬೆಳಗಿನವರೆಗೂ ಉರಿಯುತ್ತದೆ. ಹತ್ತು ಅಡಿ ಆಚೆಯ ಗಿಡ ಹೂ ಬಿಟ್ಟು ನಗುತ್ತಿದ್ದಾಗ ಇದು ಇನ್ನೂ ಹಸಿರು ಸೊಪ್ಪಿನ ಗುಡ್ಡೆ. ಅಕ್ಟೋಬರ್‌ನಲ್ಲಿ ಅಂತೂ ಮೊಗ್ಗು ಬಂತು, ಅರಳುವ ಮೊದಲೇ ಚಳಿ ಹೊಡೆಯಿತು. ಬೀದಿ ದೀಪದ ಕೆಳಗೆ ನೆಟ್ಟರೂ ಇದೇ ಪಾಡು.

ಚಳಿ ಊರಿನಲ್ಲಿ ಸೇವಂತಿಗೆ ಬೆಳೆಯುವುದು ಅಂದರೆ ಒಂದು ಓಟ. ಒಂದು ಕಡೆ ರಾತ್ರಿ ಉದ್ದವಾಗಿ ಮೊಗ್ಗು ಅರಳಬೇಕು. ಇನ್ನೊಂದು ಕಡೆ ಫ್ರಾಸ್ಟ್ ಹತ್ತಿರ ಬರುತ್ತಿರುತ್ತದೆ. ಫ್ರಾಸ್ಟ್ ನೋಡದವರಿಗೆ ಹೇಳುವುದಾದರೆ, ಇಬ್ಬನಿ ಬೀಳುವ ಬದಲು ಎಲೆ ಮೇಲೆ ಮಂಜುಗಡ್ಡೆಯ ಪುಡಿ ಬೆಳ್ಳಗೆ ಕೂರುವುದು. ಇಲ್ಲಿ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ಭಾಗದಲ್ಲಿ ಅದು ಶುರು. ಹಗುರ ಫ್ರಾಸ್ಟಿಗೆ ಟೊಮ್ಯಾಟೊ, ಚೆಂಡು ಹೂ ಎಲ್ಲ ಒಂದೇ ರಾತ್ರಿಗೆ ಕರಿಯಾಗುತ್ತವೆ. ಸೇವಂತಿಗೆ ಅಲ್ಲಾಡುವುದಿಲ್ಲ. ಶೂನ್ಯಕ್ಕಿಂತ ಒಂದೆರಡು ಡಿಗ್ರಿ ಕೆಳಗೆ ಹೋದರೂ ಬೆಳಿಗ್ಗೆ ಬಿಸಿಲಿಗೆ ಮೈ ಕೊಡವಿಕೊಂಡು ಎದ್ದು ನಿಲ್ಲುತ್ತದೆ. ನಾಲ್ಕೈದು ಡಿಗ್ರಿ ಕೆಳಗಿಳಿದರೆ ಮಾತ್ರ ಹೂ ಕಂದುಬಣ್ಣಕ್ಕೆ ತಿರುಗುತ್ತದೆ.

ಹಾಗಾಗಿ ತಳಿ ಆರಿಸುವಾಗ ಎರಡು ಪ್ರಶ್ನೆ ಕೇಳಬೇಕು. ಬೇರು ಚಳಿ ತಡೆಯುತ್ತದಾ? ಹೂ ಬೇಗ ಬರುತ್ತದಾ? ಎಷ್ಟೋ ಜನ ಮೊದಲನೆಯದನ್ನಷ್ಟೇ ಕೇಳುತ್ತಾರೆ. 'ಶೆಫೀಲ್ಡ್ ಪಿಂಕ್' ಅಂತ ಒಂದು ಚೆಂದದ ತಳಿ ಇದೆ, ಒಂಟಿ ಸುತ್ತಿನ ಎಸಳು, ಏಪ್ರಿಕಾಟ್ ಕಲೆತ ಗುಲಾಬಿ ಬಣ್ಣ. ಗಟ್ಟಿ ಗಿಡ. ಆದರೆ ಹೂ ಬಹಳ ತಡ. ಸ್ವಲ್ಪ ಬೆಚ್ಚಗಿನ ಊರಿನವರಿಗೆ ಅದು ವರ, ನಮಗೆ ಮೊಗ್ಗು ಎಣಿಸುವ ಭಾಗ್ಯ ಅಷ್ಟೇ. ಬೇಗ ಬಿಡುವ ತಳಿಗಳು ರಾತ್ರಿಯ ಲೆಕ್ಕದಲ್ಲಿ ಅಷ್ಟು ಹಟ ಮಾಡುವುದಿಲ್ಲ. ಅಜ್ಜಿ ಕೊಟ್ಟದ್ದು 'ಕ್ಲಾರಾ ಕರ್ಟಿಸ್' ಎಂಬ ಹಳೇ ತಳಿ. ಎಸಳು ಗುಲಾಬಿ, ನಡುವೆ ಹಳದಿ ಬೊಟ್ಟು. ಸೆಪ್ಟೆಂಬರ್ ಶುರುವಿಗೇ ಅರಳುತ್ತದೆ.

ಇಲ್ಲಿನ ಮಿನೆಸೋಟ ವಿಶ್ವವಿದ್ಯಾಲಯ ಎಂಬತ್ತು ವರ್ಷಕ್ಕೂ ಮೇಲಿನಿಂದ ಇದೇ ಕೆಲಸ ಮಾಡುತ್ತಿದೆ. ಹೊಸ ಗಿಡಗಳನ್ನು ಬಯಲಲ್ಲಿ ನೆಟ್ಟು, ಇಲ್ಲಿನ ಚಳಿಗಾಲಕ್ಕೆ ಒಡ್ಡಿ, ಉಳಿದವುಗಳಲ್ಲಿ ಬೇಗ ಹೂ ಬಿಡುವುದನ್ನು ಆರಿಸುವುದು. ಮಿನ್‌ಗೋಫರ್, ಮಿನ್‌ವೈಟ್, ಮಿನ್‌ರೂಬಿ ಹೀಗೆ 'ಮಿನ್' ಅಂತ ಹೆಸರು ಶುರುವಾದರೆ ಅದು ಇವರ ಮನೆಮಗಳು ಅಂದುಕೊಳ್ಳಿ. ಇತ್ತೀಚಿನವುಗಳಲ್ಲಿ 'ಮ್ಯಾಮತ್' ಎಂಬ ಗುಂಪಿನ ಗಿಡಗಳು ಮೂರಡಿಯ ಪೊದೆಯಾಗುತ್ತವೆ. ಚಿಕ್ಕ ಅಂಗಳದವರು ಯೋಚಿಸಿ ನೆಡಿ.

ಈಗ ಅಂಗಡಿಯ ಗಿಡದ ಸಾವಿಗೆ ಬರೋಣ. ಅದನ್ನು ಬೆಳೆದವರು ಬೇಸಿಗೆಯಲ್ಲಿ ಕಡ್ಡಿ ನೆಟ್ಟು ಬೇರು ಬರಿಸಿ, ದಿನಾ ನೀರು, ಗೊಬ್ಬರ ಕೊಟ್ಟು ಎರಡು ಮೂರು ತಿಂಗಳಲ್ಲಿ ಉಬ್ಬಿಸಿರುತ್ತಾರೆ. ಇದರಲ್ಲಿ ಮೋಸವೇನೂ ಇಲ್ಲ. ಒಂದು ತಿಂಗಳ ಅಲಂಕಾರಕ್ಕೆ ಬೆಳೆದದ್ದು, ಅಷ್ಟೇ. ನಮ್ಮ ಕೈಗೆ ಬರುವ ಹೊತ್ತಿಗೆ ಗಿಡ ತನ್ನ ಸತ್ವವನ್ನೆಲ್ಲ ಹೂವಿಗೆ ಸುರಿದಿರುತ್ತದೆ. ನಾವು ಹೂ ಮುಗಿಯುವ ತನಕ ಕಾದು ಅಕ್ಟೋಬರ್‌ನಲ್ಲಿ ನೆಡುತ್ತೇವೆ. ಆಗ ಮಣ್ಣು ತಣ್ಣಗಾಗಿರುತ್ತದೆ. ಬೇರು ಕುಂಡದ ಆಕಾರ ಬಿಟ್ಟು ಆಚೆ ಹೋಗುವುದೇ ಇಲ್ಲ. ನನ್ನ ಕೈಗೆ ಬಂದ ಆ ಇಡ್ಲಿ ಅದೇ.

ಬಹುವರ್ಷ ಬಾಳುವ ಸೇವಂತಿಗೆಯ ಜೀವ ಇರುವುದು ಮಣ್ಣಿನ ಒಳಗೆ. ಬುಡದಿಂದ ನೆಲದಡಿಯಲ್ಲೇ ಬೆರಳುದ್ದದ ಬಿಳಿ ಕುಡಿಗಳು ಹರಿಯುತ್ತವೆ. ಇವೇ ಮುಂದಿನ ವರ್ಷದ ಮರಿಗಳು. ಮೇಲಿನ ಕಡ್ಡಿ ಒಣಗಿದರೂ ಇವು ಮಲಗಿದ್ದು, ವಸಂತದಲ್ಲಿ ಎದ್ದು ಬರುತ್ತವೆ. ಹೂವಿನ ಅಂಗಡಿಗೆಂದೇ ಬೆಳೆಸುವ ದೊಡ್ಡ ಹೂವಿನ ತಳಿಗಳಲ್ಲಿ ಈ ಕುಡಿಗಳು ಕಡಿಮೆ. ಅವಸರದಲ್ಲಿ ಬೆಳೆದ ಕುಂಡದ ಗಿಡಕ್ಕೆ ಇವನ್ನು ಮಾಡಿಕೊಳ್ಳಲು ಪುರುಸೊತ್ತೇ ಸಿಕ್ಕಿರುವುದಿಲ್ಲ. ಕೊಳ್ಳುವಾಗ ಕುಂಡದ ಬುಡದ ಎಲೆ ಸರಿಸಿ ನೋಡಿ. ಮಣ್ಣಿನಿಂದ ಚಿಕ್ಕ ಹಸಿರು ಚಿಗುರು ಇಣುಕುತ್ತಿದ್ದರೆ ಆ ಗಿಡಕ್ಕೆ ಸ್ವಲ್ಪ ಆಸೆ ಇದೆ. ನಾನಂತೂ ಈಗ ಹೂವನ್ನಲ್ಲ, ಬುಡವನ್ನು ನೋಡಿ ಕೊಳ್ಳುತ್ತೇನೆ. ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ.

ಇನ್ನು ಚಳಿ ಗಿಡವನ್ನು ಕೊಲ್ಲುವ ಬಗೆ. ಮೈನಸ್ 25 ಡಿಗ್ರಿ ಅಂದಾಗ ನಮಗೆ ಗಾಳಿಯ ಚಳಿ ನೆನಪಾಗುತ್ತದೆ. ಬೇರಿಗೆ ಗಾಳಿಯ ಗೊಡವೆ ಇಲ್ಲ. ಮೇಲೆ ಒಂದಡಿ ಸಡಿಲ ಹಿಮ ಇದ್ದರೆ ಅದು ಹತ್ತಿಯ ರಜಾಯಿ ಇದ್ದಂತೆ, ಒಳಗೆ ಸಿಕ್ಕಿದ ಗಾಳಿ ನೆಲದ ಶಾಖವನ್ನು ಹೊರಗೆ ಬಿಡುವುದಿಲ್ಲ. ಕೆಟ್ಟ ಚಳಿಗಾಲ ಅಂದರೆ ಹಿಮ ಬೀಳದೆ ಬರೀ ಚಳಿ ಬೀಳುವುದು. ಅದಕ್ಕಿಂತ ಕೆಟ್ಟದ್ದು ಮಾರ್ಚ್ ತಿಂಗಳು. ಹಗಲು ಮಣ್ಣು ಕರಗುತ್ತದೆ, ರಾತ್ರಿ ಮತ್ತೆ ಗಟ್ಟಿಯಾಗುತ್ತದೆ. ನೀರು ಗಡ್ಡೆಯಾದಾಗ ಉಬ್ಬುತ್ತದೆ ಅಲ್ವಾ, ಆ ಉಬ್ಬು ಗಿಡದ ಬುಡವನ್ನು ಸ್ವಲ್ಪ ಸ್ವಲ್ಪವೇ ಮೇಲಕ್ಕೆ ದಬ್ಬುತ್ತದೆ. ಬೇರು ಕಿತ್ತು, ಬುಡ ಗಾಳಿಗೆ ಬಿದ್ದು ಒಣಗುತ್ತದೆ. ನೀರು ನಿಲ್ಲುವ ಜಾಗವಾದರೆ ಇದಕ್ಕೆ ಕೊಳೆಯುವುದೂ ಸೇರುತ್ತದೆ. ಎಷ್ಟೋ ಸೇವಂತಿಗೆ ಚಳಿಗೆ ಸತ್ತಿತು ಅನ್ನುತ್ತೇವೆ, ಅದು ಸತ್ತಿದ್ದು ಒದ್ದೆಗೆ.

ಇಷ್ಟು ಗೊತ್ತಾದರೆ ಮಾಡಬೇಕಾದ ಕೆಲಸ ತಾನಾಗಿಯೇ ತಿಳಿಯುತ್ತದೆ. ಫ್ರಾಸ್ಟ್ ಮುಗಿದ ಮೇಲೆ, ಇಲ್ಲಿ ಮೇ ನಡುವಿಗೆ, ನೆಡಿ. ದಿನಕ್ಕೆ ಆರು ಗಂಟೆಯಾದರೂ ಬಿಸಿಲು, ನೀರು ಬಸಿಯುವ ಮಣ್ಣು, ರಾತ್ರಿ ಕತ್ತಲೆ. ಆ ಹೊತ್ತಿಗೆ ದೊಡ್ಡ ಅಂಗಡಿಗಳಲ್ಲಿ ಮಮ್ ಕಾಣುವುದಿಲ್ಲ, ನರ್ಸರಿಗಳಲ್ಲಿ ಚಿಕ್ಕ ಸಸಿ ಸಿಗುತ್ತದೆ. ನೋಡಲು ಏನೂ ಇಲ್ಲ, ನಾಲ್ಕು ಎಲೆಯ ಬಡಕಲು. ಅದನ್ನೇ ತನ್ನಿ.

ಗಿಡ ಗೇಣುದ್ದ ಆದಾಗ ಕುಡಿ ಚಿವುಟಬೇಕು. ಹೆಬ್ಬೆರಳು, ತೋರುಬೆರಳಿನ ನಡುವೆ ತುದಿಯ ಒಂದಂಗುಲ ಹಿಡಿದು ಉಗುರು ಒತ್ತಿದರೆ ಟಕ್ ಅಂತ ಮುರಿಯುತ್ತದೆ. ಬೆರಳಿಗೆ ಆ ಸೇವಂತಿಗೆ ಸೊಪ್ಪಿನ ಕಹಿ ಘಮ ಹತ್ತುತ್ತದೆ, ಹೂ ಕಟ್ಟಿದವರಿಗೆಲ್ಲ ಗೊತ್ತಿರುವ ವಾಸನೆ. ತುದಿ ಇರುವ ತನಕ ಅದು ಪಕ್ಕದ ಮೊಳಕೆಗಳನ್ನು ತಲೆ ಎತ್ತಲು ಬಿಡುವುದಿಲ್ಲ. ತುದಿ ಹೋದರೆ ಕೆಳಗಿನ ಎಲೆಕಂಕುಳಿಂದ ಎರಡೋ ಮೂರೋ ಕೊಂಬೆ ಹೊರಡುತ್ತವೆ. ಅವು ಗೇಣುದ್ದ ಆದಾಗ ಅವಕ್ಕೂ ಇದೇ ಉಪಚಾರ. ಕಲಬುರಗಿ ಕಡೆ ತೊಗರಿಗೆ ಕುಡಿ ಚಿವುಟುತ್ತಾರಲ್ಲ, ಅದೇ ಲೆಕ್ಕ. ಚಿವುಟದೆ ಬಿಟ್ಟರೆ ಗಿಡ ಕೋಲಿನಂತೆ ಬೆಳೆದು, ಹೂ ಬಂದ ಮೇಲೆ ಮಳೆಗೆ ಮಕಾಡೆ ಮಲಗುತ್ತದೆ. ಮ್ಯಾಮತ್ ಗುಂಪಿಗೆ ಈ ಕೆಲಸ ಬೇಡ, ತಾನೇ ಗುಂಡಗಾಗುತ್ತದೆ.

ಚಿವುಟುವುದಕ್ಕೂ ಒಂದು ಕೊನೆ ಇದೆ. ಇಲ್ಲಿ ಅದು ಜುಲೈ 4, ಅಮೆರಿಕದ ಸ್ವಾತಂತ್ರ್ಯ ದಿನ. ಪಟಾಕಿ ಹೊಡೆಯುವ ದಿನ ಕತ್ತರಿ ಎತ್ತಿಡಬೇಕು ಅಂತ ನೆನಪಿಟ್ಟುಕೊಳ್ಳುವುದು. ಅದಾದ ಮೇಲೆ ಚಿವುಟಿದರೆ ಮೊಗ್ಗು ಕಟ್ಟಬೇಕಾದ ತುದಿಯನ್ನೇ ಕಿತ್ತಂತೆ, ಹೂ ತಡವಾಗುತ್ತದೆ. ತಡವಾದರೆ ಓಟದಲ್ಲಿ ಫ್ರಾಸ್ಟ್ ಗೆದ್ದಂತೆ. ಗೊಬ್ಬರವನ್ನೂ ಜುಲೈ ಕೊನೆಗೆ ನಿಲ್ಲಿಸಿ. ಆಮೇಲೆ ಕೊಟ್ಟರೆ ಮೆತ್ತಗಿನ ಎಳೆ ಚಿಗುರು ಬರುತ್ತದೆ, ಅದು ಚಳಿ ತಡೆಯುವುದಿಲ್ಲ. ನೀರು ಬುಡಕ್ಕೆ ಹಾಕಿ, ಎಲೆ ಮೇಲಲ್ಲ. ಹೇನು ಬಂದರೆ ಪೈಪಿನ ನೀರಲ್ಲಿ ಜೋರಾಗಿ ತೊಳೆದರೆ ಸಾಕು. ಮೊಲಗಳದ್ದು ಬೇರೆಯೇ ಕಥೆ. ಏಪ್ರಿಲ್ ಚಿಗುರು ಅವಕ್ಕೆ ಕೋಸಂಬರಿ ಇದ್ದಂತೆ, ತಂತಿ ಬಲೆ ಸುತ್ತದೆ ಗತಿಯಿಲ್ಲ.

ಹೂ ಮುಗಿದ ಮೇಲೆ ಕೈ ಸುಮ್ಮನಿಡುವುದೇ ಕಷ್ಟದ ಕೆಲಸ. ಒಣ ಕಡ್ಡಿ ನೋಡಿದರೆ ಕತ್ತರಿಸಿ ಚೊಕ್ಕ ಮಾಡೋಣ ಅನ್ನಿಸುತ್ತದೆ. ಬೇಡ. ಆ ಕಡ್ಡಿಗಳೇ ಗಾಳಿಗೆ ಹಾರುವ ಹಿಮವನ್ನು ಹಿಡಿದು ಬುಡದ ಮೇಲೆ ನಿಲ್ಲಿಸುವುದು. ವಸಂತದಲ್ಲಿ ಕತ್ತರಿಸಿದರಾಯಿತು. ನವೆಂಬರ್ ಹೊತ್ತಿಗೆ ಮಣ್ಣು ಗಟ್ಟಿಯಾದ ಮೇಲೆ ಬುಡಕ್ಕೆ ಅರ್ಧ ಅಡಿ ಹುಲ್ಲು ಹೊದಿಸಬೇಕು. ಮಣ್ಣು ಗಟ್ಟಿಯಾಗುವ ಮೊದಲೇ ಯಾಕೆ ಹೊದಿಸಬಾರದು? ಹೊದಿಕೆ ಇರುವುದು ಬೆಚ್ಚಗಿಡಲು ಅಲ್ಲ. ಒಮ್ಮೆ ಗಟ್ಟಿಯಾದ ಮಣ್ಣು ಮಾರ್ಚ್ ಬಿಸಿಲಿಗೆ ಕರಗಿ ಮತ್ತೆ ಗಟ್ಟಿಯಾಗುವ ಆಟ ನಡೆಯದಿರಲಿ ಅಂತ. ಮೇಪಲ್ ಎಲೆ ಹಾಕಿದರೆ ಒದ್ದೆಯಾಗಿ ಚಪ್ಪಟೆ ಚಾಪೆಯಾಗಿಬಿಡುತ್ತದೆ. ಒಣ ಹುಲ್ಲು ಅಥವಾ ಓಕ್ ಎಲೆ ವಾಸಿ.

ಫಾಲ್‌ನಲ್ಲೇ ಕುಂಡ ತಂದು ಮನಸ್ಸು ಸೋತವರಿಗೆ ಒಂದು ಉಪಾಯ ಇದೆ. ನೆಲದಲ್ಲಿ ನೆಡಬೇಡಿ. ಹೂ ಮುಗಿದ ಮೇಲೆ ಕುಂಡವನ್ನು ಗ್ಯಾರೇಜಿನ ಮೂಲೆಯಲ್ಲಿಡಿ, ಶೂನ್ಯದಿಂದ ಐದು ಡಿಗ್ರಿ ಒಳಗಿನ ತಣ್ಣನೆಯ ಕತ್ತಲ ಜಾಗ. ತಿಂಗಳಿಗೊಮ್ಮೆ ಮಣ್ಣು ಪೂರ್ತಿ ಒಣಗದಷ್ಟು ನೀರು. ನಮ್ಮಲ್ಲಿ ಮೂರರಲ್ಲಿ ಎರಡು ಹೀಗೆ ಉಳಿದಿವೆ.

ಉಳಿದ ಗಿಡವನ್ನು ಎರಡು ಮೂರು ವರ್ಷಕ್ಕೊಮ್ಮೆ ವಸಂತದಲ್ಲಿ ಅಗೆದು ಪಾಲು ಮಾಡಬೇಕು. ನಡುವಿನ ಕಟ್ಟಿಗೆಯಂಥ ಮುದಿ ಬುಡ ಎಸೆದು, ಅಂಚಿನ ಮರಿಗಳನ್ನು ನೆಡುವುದು. ಅಜ್ಜಿ ನನಗೆ ಕೊಟ್ಟದ್ದು ಅಂಥ ಅಂಚಿನ ಹೆಂಟೆಯೇ. ಹದಿನೈದು ವರ್ಷದ ಗಿಡ ಅಂದರಲ್ಲ, ನಿಜವಾಗಿ ಅದು ಅದೇ ಗಿಡದ ಐದಾರನೇ ತಲೆಮಾರು.

ಬಣ್ಣದ ಮಾತು ಬಿಟ್ಟೇ ಹೋಯಿತು. ತಾಮ್ರದ ಬಣ್ಣದ ಸೇವಂತಿಗೆಯ ಒಂದು ಎಸಳು ಕಿತ್ತು ಬೆಳಕಿಗೆ ಹಿಡಿಯಿರಿ. ಅದರಲ್ಲಿ ಎರಡು ಬಣ್ಣ ಇದೆ. ಕ್ಯಾರೆಟ್‌ನಲ್ಲಿರುವ ಜಾತಿಯ ಹಳದಿ, ಅದರ ಜೊತೆ ನೇರಳೆ ಹಣ್ಣಿನಲ್ಲಿರುವ ಜಾತಿಯ ಕೆಂಪು. ಎರಡೂ ಸೇರಿ ತಾಮ್ರ. ಈ ಕೆಂಪು ಬಣ್ಣ ತಣ್ಣಗಿದ್ದಷ್ಟೂ ಚೆನ್ನಾಗಿ ಕೂರುತ್ತದೆ. ಅದಕ್ಕೇ ಅಕ್ಟೋಬರ್ ಚಳಿಯಲ್ಲಿ ಕೆಂಪು ಗಾಢವಾಗುವುದು, ಬಿಳಿ ಹೂವಿನ ಅಂಚಿಗೂ ತಿಳಿಗುಲಾಬಿ ಏರುವುದು. ನೀಲಿ ಮಾತ್ರ ಸೇವಂತಿಗೆಗೆ ಹುಟ್ಟಿನಿಂದ ಬಂದಿಲ್ಲ. 2017ರಲ್ಲಿ ಜಪಾನಿನ ವಿಜ್ಞಾನಿಗಳು ನಿಜವಾದ ನೀಲಿ ಸೇವಂತಿಗೆ ಮಾಡಿ ತೋರಿಸಿದರು. ಅದಕ್ಕೆ ಬೇರೆ ಎರಡು ಹೂವಿನ ಜೀನ್ ಸೇರಿಸಿದ್ದರು, ಅದರಲ್ಲಿ ಒಂದು ನಮ್ಮ ಬೇಲಿಯ ಶಂಖಪುಷ್ಪ!

ನಮ್ಮ ಹಬ್ಬಗಳಿಗೂ ಈ ಓಟಕ್ಕೂ ಒಂದು ನಂಟಿದೆ. ದಸರಾ ಹೆಚ್ಚಿನ ವರ್ಷ ಹೂ ಇರುವಾಗಲೇ ಬರುತ್ತದೆ. ಆಯುಧಪೂಜೆಗೆ ಕಾರಿಗೆ ನಮ್ಮ ಅಂಗಳದ್ದೇ ಸೇವಂತಿಗೆ. ಮಾರುಗಟ್ಟಲೆ ಅಲ್ಲ, ಒಂದು ಮೊಳ ಆಗುತ್ತದೆ. ದೀಪಾವಳಿ ಹೊತ್ತಿಗೆ ಗಿಡ ಸಾಮಾನ್ಯವಾಗಿ ಸುಟ್ಟುಹೋಗಿರುತ್ತದೆ. ಅದಕ್ಕೊಂದು ದಾರಿ ಕಂಡುಕೊಂಡಿದ್ದೇನೆ. ಹವಾಮಾನದವರು 'ಇವತ್ತು ರಾತ್ರಿ ಮೈನಸ್ ಐದು' ಅಂದ ಸಂಜೆ ಟಾರ್ಚ್ ಹಿಡಿದು ಹೋಗಿ ಉದ್ದ ಕಡ್ಡಿ ಸಮೇತ ಕತ್ತರಿಸಿ ತರುವುದು. ಎಸಳಿನ ಬಣ್ಣ ಇಣುಕಿದ ಮೊಗ್ಗು ಬಕೆಟ್ ನೀರಿನಲ್ಲೇ ಅರಳುತ್ತದೆ. ಗಟ್ಟಿ ಹಸಿರು ಮೊಗ್ಗು ಅರಳುವುದಿಲ್ಲ, ಅದನ್ನು ಗಿಡದಲ್ಲೇ ಬಿಡಿ. ನೀರು ಎರಡು ದಿನಕ್ಕೊಮ್ಮೆ ಬದಲಿಸಿ, ತಣ್ಣಗಿನ ಕೋಣೆಯಲ್ಲಿಟ್ಟರೆ ಎರಡು ವಾರ ಬರುತ್ತದೆ. ಕಳೆದ ವರ್ಷ ಲಕ್ಷ್ಮೀಪೂಜೆಗೆ ಆ ಬಕೆಟ್‌ನಲ್ಲಿ ಹನ್ನೊಂದು ಹೂ ಉಳಿದಿತ್ತು.